ಸೋರುವ ಮಾಳಿಗೆಯೂ ಸಾಂತ್ವನದ ಮಾತೂ

ಶಿಶುನಾಳ ಷರೀಫರ (1819–1889) ಪದಗಳು ನೊಂದ ಮನಸ್ಸಿಗೆ ಮದ್ದು ಎಂಬ ಮಾತು ಮುನ್ನುಡಿಗಳಲ್ಲಿ, ವೇದಿಕೆಯ ನಿರೂಪಣೆಗಳಲ್ಲಿ ಎಷ್ಟು ಸಲೀಸಾಗಿ ಬಂದುಹೋಗುತ್ತದೆಂದರೆ, ಅವು ಯಾರಿಗೆ, ಯಾವ ಹೊತ್ತಿನಲ್ಲಿ, ಹೇಗೆ ಮದ್ದಾದವು ಎಂದು ಕೇಳುವ ಗೋಜಿಗೇ ವಿಮರ್ಶೆ ಹೋಗುವುದಿಲ್ಲ. ಹೆಂಡತಿ ಫಾತಿಮಾ ಹಾಗೂ ಎಳೆಯ ಮಗಳ ಸಾವು, ಬಿಟ್ಟುಬಂದ ಶಾಲಾಮಾಸ್ತರಿಕೆ, ಕಳಸದ ಗೋವಿಂದಭಟ್ಟರ ಶಿಷ್ಯತ್ವ ಇವನ್ನೆಲ್ಲ ಸಾಲಾಗಿಟ್ಟು, ದುಃಖ ಹಾಡಾಯಿತು, ಹಾಡು ದುಃಖವನ್ನು ಮರೆಸಿತು ಎಂದು ಷರಾ ಬರೆಯುವುದು ಸುಲಭ; ಪದಗಳು ಮಾತ್ರ ಆ ಷರಾಕ್ಕೆ ಒಪ್ಪುವುದಿಲ್ಲ.

ಷರೀಫರು ಕಟ್ಟಿದ್ದು ತತ್ವಪದಗಳನ್ನು. ತತ್ವಪದವೆಂದರೆ ಗುರುವಿನಿಂದ ಪಡೆದ ಅನುಭಾವವನ್ನು ಆಡುಮಾತಿನ ಸಂಕೇತಗಳಲ್ಲಿ ಅಡಗಿಸಿ, ಕೊನೆಯ ನುಡಿಯಲ್ಲಿ ಕವಿಯ ಗುರುತಾದ ಅಂಕಿತವನ್ನಿಟ್ಟು, ಹಾಡಲೆಂದೇ ಕಟ್ಟಿದ ಪದ. ಷರೀಫರ ಸೋರುವ ಮಾಳಿಗೆಯ ಪದವನ್ನೇ ನೋಡಬಹುದು. ಧಾರವಾಡ ಸೀಮೆಯ ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಸೋರಿಕೆಯನ್ನು ವಿವರಿಸಬೇಕಿಲ್ಲ: ಇಲ್ಲೊಂದು ಬೋಗುಣಿ ಇಟ್ಟರೆ ಅಲ್ಲೊಂದು ಹನಿ ಬೀಳುತ್ತದೆ, ಯಾರಾದರೂ ಮೇಲೆ ಹತ್ತಿ ಮಣ್ಣು ಮೆತ್ತದೆ ಬೇರೆ ದಾರಿಯಿಲ್ಲ. ಪದದೊಳಗಿನ ಮನೆಯಲ್ಲಿ ಹತ್ತುವವರೇ ಇಲ್ಲ. ಸುತ್ತ ಕತ್ತಲೆ, ತೊಲೆ ಮುರಿದಿದೆ, ಜಂತಿಗೆ ಹುಳು ಹಿಡಿದಿದೆ. ದೇಹವೇ ಮನೆ, ಅಜ್ಞಾನವೇ ಸೋರಿಕೆ ಎಂದು ಅರ್ಥ ಬಿಡಿಸಿದ ಮೇಲೂ ಹಾನಿಯ ಪಟ್ಟಿ ಹಾನಿಯ ಪಟ್ಟಿಯಾಗಿಯೇ ಉಳಿಯುತ್ತದೆ. ತಂಬೂರಿಯ ಪದವಂತೂ ಸ್ವರ ಬಾರದವನನ್ನು ಗದರಿಸಿಯೇ ಶುರುವಾಗುತ್ತದೆ. ಇದು ಸಾಂತ್ವನವಲ್ಲ, ನಾಡಿ ಹಿಡಿದು ರೋಗದ ಹೆಸರು ಹೇಳುವ ನಿಷ್ಠುರತೆ.

ಹಾಗಾದರೆ ಗುಣವಾಗುವುದು ಎಲ್ಲಿ? ಕಲಘಟಗಿ ಕಡೆಯ ತಂಬೂರದಿಂದ ನವಲಗುಂದದ ಎರೆಸೀಮೆಯವರೆಗಿನ ಹಳ್ಳಿಗಳಲ್ಲಿ ಸಾವಿನ ಮನೆಗೆ ಭಜನಾಮೇಳ ಬಂದು, ಶವದ ಮುಂದೆ ಕುಳಿತು, ಏಕತಾರಿ, ದಮ್ಮಡಿ, ತಾಳ ಹಿಡಿದು ಬೆಳತನಕ ಹಾಡುವ ರೂಢಿಯಲ್ಲಿ ಅದಕ್ಕೆ ಉತ್ತರವಿದೆ. ಮುಂದಿನವನು ನುಡಿ ಎತ್ತುತ್ತಾನೆ, ಹಿಂದಿನವರು, ಅಂದರೆ ಹಿಮ್ಮೇಳದವರು, ಪಲ್ಲವಿ ಹಿಡಿಯುತ್ತಾರೆ. ಅತ್ತು ಗಂಟಲು ಕಟ್ಟಿದ ಮನೆಯವರೂ ಯಾವುದೋ ಹೊತ್ತಿನಲ್ಲಿ ಆ ಪಲ್ಲವಿಗೆ ದನಿಗೂಡಿಸುತ್ತಾರೆ. ರಾಗ ಚೆನ್ನಾಗಿರಬೇಕೆಂಬ ಷರತ್ತು ಅಲ್ಲಿಲ್ಲ, ಒಬ್ಬನೇ ಹಾಡುವಂತಿಲ್ಲ ಎಂಬುದೊಂದೇ ಷರತ್ತು.

ಸುಗಮ ಸಂಗೀತ, ಅಂದರೆ ಭಾವಗೀತೆಗೆ ವಾದ್ಯವೃಂದದ ಬೆಂಬಲ ಕೊಟ್ಟು ಹಾಡುವ ನಗರದ ಪದ್ಧತಿ, ಕಳೆದದ್ದು ಕೂಡಿ ಹಾಡುವ ಈ ಷರತ್ತನ್ನೇ. ಟಿ.ಎಸ್. ನಾಗಾಭರಣರ 1990ರ ಚಲನಚಿತ್ರವೂ ಸಿ. ಅಶ್ವತ್ಥರ ಧ್ವನಿಸುರುಳಿಗಳೂ ಷರೀಫರನ್ನು ಮನೆಮನೆಗೆ ಮುಟ್ಟಿಸಿದವು, ಅಶ್ವತ್ಥರ ಕಂಠದ ಕಸುವನ್ನು ಅಲ್ಲಗಳೆಯಲೂ ಬರುವುದಿಲ್ಲ. ಆದರೆ ಪಲ್ಲವಿ ಹಿಡಿಯಬೇಕಾದವರು ಅಲ್ಲಿ ಚಪ್ಪಾಳೆ ತಟ್ಟುವವರಾದರು. ಷರೀಫರ ಪದಕ್ಕೆ ಸಂಗೀತ ಬಂದದ್ದೇ ಆಮೇಲೆ ಎನ್ನುವವರಿದ್ದಾರೆ! ಹಳ್ಳಿಯ ಮೇಳದ ಒಡಕು ದನಿಯೇ ಆ ಪದಗಳಿಗೆ ಹೆಚ್ಚು ಒಪ್ಪುತ್ತದೆ ಎಂಬುದು ಪಕ್ಷಪಾತವಾದರೆ, ಆ ಪಕ್ಷಪಾತ ಇರಲಿ.

ಧಾರವಾಡ ಜಿಲ್ಲೆಯನ್ನು ಸಂಗೀತದ ತವರೆಂದು ಹೊಗಳುವಾಗ ಎಣಿಕೆಗೆ ಸಿಗುವವರು ಹಿಂದೂಸ್ತಾನಿ ಗಾಯಕರಾದ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅವರ ಹಿರಿಮೆ ಪ್ರಶ್ನಾತೀತ. ಆದರೆ ಅದೇ ಕುಂದಗೋಳ ತಾಲ್ಲೂಕಿನ ಕಳಸದಲ್ಲಿ ಗೋವಿಂದಭಟ್ಟರಿಂದ ಷರೀಫರಿಗೆ ದಾಟಿದ ಗುರುಪರಂಪರೆಯನ್ನು ಮಾತ್ರ ಜಾನಪದದ ಖಾನೆಗೆ ತಳ್ಳಲಾಗುತ್ತದೆ. ಬಹುತೇಕ ಪದಗಳ ಕೊನೆಗೆ ಶಿಶುನಾಳಧೀಶನ ಅಂಕಿತ ನಿಚ್ಚಳವಾಗಿರುವಾಗ, ಅವನ್ನು ಕರ್ತೃವಿಲ್ಲದ ಜನಪದರ ಹಾಡುಗಳ ಸಾಲಿಗೆ ಸೇರಿಸುವುದಕ್ಕೆ ಅಭಿರುಚಿಯ ಹೆಸರಿನಲ್ಲಿ ನಡೆಯುವ ಮಡಿ-ಮೈಲಿಗೆಯಲ್ಲದೆ ಬೇರೆ ಕಾರಣ ಹುಡುಕುವುದು ಕಷ್ಟ.