ನಗುವನ್ನು ಯಾವ ಪಿರಿಯಡ್‌ನಲ್ಲಿ ಕಲಿಸುತ್ತಾರೆ?: 'ಊರುಕೇರಿ'ಯ ಒಂದು ಓದು

ಶಿಕ್ಷಣದ ಚರ್ಚೆಗಳಲ್ಲಿ ಈಗ 'ಸಾಮಾಜಿಕ-ಭಾವನಾತ್ಮಕ ಕಲಿಕೆ' ಎಂಬ ಮಾತು ಮತ್ತೆ ಮತ್ತೆ ಕೇಳುತ್ತದೆ. ದೆಹಲಿ ಸರ್ಕಾರ 2018ರಲ್ಲಿ ತನ್ನ ಶಾಲೆಗಳಲ್ಲಿ 'ಹ್ಯಾಪಿನೆಸ್' ಪಠ್ಯಕ್ರಮ ಶುರು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದರ ಪ್ರಸ್ತಾಪವಿದೆ. ಇದರ ಪರವಾಗಿ ಎಲ್ಲರೂ ಉಲ್ಲೇಖಿಸುವುದು ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಬಹುಪಾಲು ಅಮೆರಿಕದ್ದೇ ಆದ 213 ಶಾಲಾ ಕಾರ್ಯಕ್ರಮಗಳನ್ನು, 2,70,034 ವಿದ್ಯಾರ್ಥಿಗಳನ್ನು ಒಟ್ಟಿಗೆ ನೋಡಿದ ಅಧ್ಯಯನವದು. ಇಂಥ ಪಾಠ ಸಿಕ್ಕ ಮಕ್ಕಳು ಓದಿನಲ್ಲಿ ಸರಾಸರಿ 11 ಪರ್ಸೆಂಟೈಲ್ ಮುಂದಿದ್ದರು. ಇದನ್ನು ಹನ್ನೊಂದು ಅಂಕ ಎಂದುಕೊಳ್ಳಬಾರದು. ನೂರು ಮಕ್ಕಳ ಸಾಲಿನಲ್ಲಿ ಸರಿಯಾಗಿ ನಡುವೆ ನಿಂತಿದ್ದ ಮಗು ಸುಮಾರು ಹನ್ನೊಂದು ಮಕ್ಕಳನ್ನು ದಾಟಿ ಮುಂದೆ ಬಂತು ಎಂದು ಅರ್ಥ.

ಈ ಫಲಿತಾಂಶದ ಮೇಲೆ ನನ್ನ ತಕರಾರಿಲ್ಲ. ಭಯದಲ್ಲಿರುವ ಮಗುವಿಗೆ ಲೆಕ್ಕ ಹತ್ತುವುದಿಲ್ಲ ಎಂಬುದು ಯಾವ ಮೇಷ್ಟರಿಗಾದರೂ ಗೊತ್ತು. ನನ್ನ ಪ್ರಶ್ನೆ ಬೇರೆ: ಭಾವನೆಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದನ್ನು ಕಲಿಯಬೇಕಾದವರು ಯಾರು? ಇದಕ್ಕೆ ನಮ್ಮ ಜಿಲ್ಲೆಯದೇ ಪುಸ್ತಕವೊಂದು ಉತ್ತರ ಕೊಡುತ್ತದೆ. ಅದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'.

ಪುಸ್ತಕದ ಆರಂಭದಲ್ಲೇ ನೊಗಕ್ಕೆ ಹೆಗಲು ಕೊಟ್ಟ ಇಬ್ಬರು ಮನುಷ್ಯರಿದ್ದಾರೆ. ಎತ್ತುಗಳ ಜಾಗದಲ್ಲಿ ನಿಂತು ಉಳುತ್ತಿರುವ ಅವರಲ್ಲಿ ಒಬ್ಬರು ಬಾಲಕನ ಅಪ್ಪ. ಮಗು ಅದನ್ನು ನೋಡುತ್ತದೆ. ಈ ದೃಶ್ಯವನ್ನು ಕಟ್ಟುವಾಗ ಲೇಖಕರು ಅಳುವುದಿಲ್ಲ, ಕೂಗುವುದಿಲ್ಲ. ಮುಂದೆ ಬೆಂಗಳೂರಿನ ಶ್ರೀರಾಮಪುರ, ಗೋಪಾಳಪುರದ ಹಾಸ್ಟೆಲು, ಸ್ಮಶಾನದಲ್ಲಿ ಕಳೆದ ಹೊತ್ತು ಎಲ್ಲವೂ ಬರುತ್ತವೆ. ಹಸಿವು, ಅವಮಾನ ಎಲ್ಲ ಕಡೆಯೂ ಇವೆ. ಹೇಳುವ ದನಿ ಮಾತ್ರ ನಗೆಯದು. ಡಿ.ಆರ್. ನಾಗರಾಜ್ ಇದನ್ನು ಬಡವರ ನಗುವಿನ ಶಕ್ತಿ ಎಂದು ಗುರುತಿಸಿದ್ದು ವಿಮರ್ಶೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ವಿಷಯ.

ಈ ನಗುವನ್ನು 'ಆತ್ಮನಿಯಂತ್ರಣ' ಎಂದು ಕರೆದುಬಿಡುವುದು ಸುಲಭ. ಪಠ್ಯಕ್ರಮದ ಭಾಷೆಯಲ್ಲಿ ಸಿದ್ಧಲಿಂಗಯ್ಯ ಆದರ್ಶ ವಿದ್ಯಾರ್ಥಿಯಾಗುತ್ತಾರೆ: ಕಷ್ಟವನ್ನು ನಗುತ್ತಾ ಎದುರಿಸಿದರು, ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿಗೆ ಹೋದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಈ ಓದಿನಲ್ಲಿ ಎರಡು ದೋಷಗಳಿವೆ.

ಒಂದು, ನಗುವಿಗೆ ಮೊದಲು ಸಿಟ್ಟಿತ್ತು. 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. 'ಊರುಕೇರಿ'ಯ ಮೊದಲ ಭಾಗ ಬಂದದ್ದು 1990ರ ದಶಕದಲ್ಲಿ. ಆ ಇಪ್ಪತ್ತರ ಹರೆಯದ ಹುಡುಗನನ್ನು ಕೂರಿಸಿ, ಕಣ್ಣು ಮುಚ್ಚಿ ಉಸಿರು ಎಳೆದುಕೋ, ಸಿಟ್ಟು ಇಳಿಸಿಕೋ ಎಂದು ಹೇಳಿದ್ದರೆ ಕನ್ನಡಕ್ಕೆ ಆ ಹಾಡುಗಳು ಸಿಗುತ್ತಿದ್ದವೇ? ಅವಮಾನಕ್ಕೆ ಸಿಟ್ಟಾಗುವುದು ಮಗುವಿನ ಕೊರತೆಯಲ್ಲ. ತನಗೇನಾಗುತ್ತಿದೆ ಎಂಬುದು ಅದಕ್ಕೆ ಸರಿಯಾಗಿ ತಿಳಿದಿದೆ ಎಂಬುದರ ಗುರುತು. ಅಂಕಕ್ಕೋಸ್ಕರ ಆ ಸಿಟ್ಟನ್ನು ಶಮನ ಮಾಡುವ ಶಾಲೆ ಅವಮಾನ ಮಾಡಿದವರನ್ನು ಸುಮ್ಮನೆ ಬಿಟ್ಟಂತಾಗುತ್ತದೆ.

ಎರಡು, ಆತ್ಮಕಥೆ ಬರೆಯುವುದು ದಾಟಿ ಬಂದವರು. ನಡುವೆ ಶಾಲೆ ಬಿಟ್ಟವರು ತಮ್ಮ ನಗುವನ್ನು ಬರೆದಿಲ್ಲ. 'ಊರುಕೇರಿ'ಯ ಮಿತಿಯೂ ಇದೇ ಎಂದು ನನಗನ್ನಿಸುತ್ತದೆ: ಅದರ ಹಾಸ್ಯ ಎಷ್ಟು ಹಿತವಾಗಿದೆಯೆಂದರೆ ಮೇಲುಜಾತಿಯ ಓದುಗನೂ ತನ್ನ ಪಾಲಿನ ಹೊಣೆಯನ್ನು ಮರೆತು ನಕ್ಕುಬಿಡಬಹುದು. ಆಗ ನೋವು ಪುಟದ ಅಂಚಿಗೆ ಸರಿಯುತ್ತದೆ.

ಹಾಗಾದರೆ ಈ ನಗು ಎಲ್ಲಿಂದ ಬಂತು? ಪುಸ್ತಕದಲ್ಲಿ ಅದು ಯಾರೋ ಕಲಿಸಿದ ಪಾಠವಾಗಿ ಬರುವುದಿಲ್ಲ. ಕೇರಿಯ ಹಿರಿಯರ ಮಾತಿನಿಂದ, ಹಾಸ್ಟೆಲಿನ ಗೆಳೆಯರಿಂದ, ತನ್ನಂಥವರು ಇನ್ನೂ ಇದ್ದಾರೆ ಎಂಬ ಧೈರ್ಯದಿಂದ ಬರುತ್ತದೆ. ಹುಡುಗನಿಗೆ ಮೊದಲು ಸಿಕ್ಕಿದ್ದು ಅನ್ನ, ಹಾಸಿಗೆ ಮತ್ತು ಜೊತೆ. ಭಾವನೆಯ ಕಲಿಕೆ ಅದರ ಮೇಲೆ ಬೆಳೆಯಿತು. ಈ ಕ್ಷೇತ್ರದ ವಿದ್ವಾಂಸರಲ್ಲೂ ಕೆಲವರು ಈಚೆಗೆ ಸಮಾನತೆಯ ಪ್ರಶ್ನೆಯನ್ನು ಎತ್ತಿದ್ದಾರೆ. ಕನ್ನಡದ ಆತ್ಮಕಥೆ ಅದನ್ನು ಅದಕ್ಕೂ ಮೊದಲೇ ಎತ್ತಿತ್ತು.

ಮಂಚನಬೆಲೆ ಇರುವ ಈ ಸೀಮೆಯಲ್ಲೇ ನಮ್ಮ ಮರಳವಾಡಿಯೂ ಇದೆ. ಇಲ್ಲಿಂದ ಇವತ್ತೂ ಮಕ್ಕಳು ಓದಲು ಕನಕಪುರಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಕೆಲವರು ಹಾಸ್ಟೆಲ್ ಸೇರುತ್ತಾರೆ. ಅವರಿಗೆ ಭಾವನೆಗಳ ಪಾಠ ಬೇಡವೆಂದು ನಾನು ಹೇಳುವುದಿಲ್ಲ. ಆ ಪಾಠ ಸ್ಟಾಫ್ ರೂಮಿನಿಂದ ಶುರುವಾಗಲಿ. ಹಾಜರಿ ಕೂಗುವ ದನಿ, ತಪ್ಪು ಉತ್ತರಕ್ಕೆ ಬರುವ ಮಾತು, ಸ್ಕಾಲರ್‌ಶಿಪ್ ಪಟ್ಟಿಯನ್ನು ಓದುವ ರೀತಿ, ಊಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು, ಇವೇ ಅದರ ಅಧ್ಯಾಯಗಳು. ಶಿಕ್ಷಕರ ತರಬೇತಿಯಲ್ಲಿ 'ಊರುಕೇರಿ'ಯ ನಾಲ್ಕು ಪುಟ ಓದಿಸಿದರೆ, ಆ ತರಗತಿಯಲ್ಲಿ ಮೊದಲು ಸುಮ್ಮನಾಗಬೇಕಾದವರು ಮಕ್ಕಳಲ್ಲ ಎಂಬುದು ಗೊತ್ತಾಗುತ್ತದೆ.