ಚಿತ್ರಾಭ್ಯಾಸದಲ್ಲಿ ಮೇಲ್ಪಂಕ್ತಿ

ಭಾವಚಿತ್ರವನ್ನು ಬರೆಯಲು ಕಲಿಯುವವನು ಪೂರ್ವಾಚಾರ್ಯರ ಕೃತಿಗಳನ್ನು ನಕಲು ಮಾಡಬೇಕೇ, ಬೇಡವೇ? ನಕಲಿನಿಂದ ಕೈ ಪಳಗಿದರೂ ಪ್ರತಿಭೆ ಕುಂದುವುದೆಂದು ವಾದಿಸುವವರು ಬಹುಮಂದಿ. ಈ ಶಂಕೆಗೆ ನಮ್ಮ ಆಲಂಕಾರಿಕರಲ್ಲಿಯೂ ಆಧಾರವುಂಟು. ಒಬ್ಬ ಕವಿಯ ಮಾತು ಇನ್ನೊಬ್ಬನದನ್ನು ಹೋಲುವ ಬಗೆಗಳನ್ನು ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಉದ್ದ್ಯೋತದಲ್ಲಿ ಮೂರಾಗಿ ವಿಂಗಡಿಸಿರುವನು: ಪ್ರತಿಬಿಂಬದಂತೆ, ಚಿತ್ರದಂತೆ, ಸಮಾನದೇಹವುಳ್ಳ ಇಬ್ಬರು ಮನುಷ್ಯರಂತೆ. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಏಕೆಂದರೆ ದೇಹ ಹೋಲಿದರೂ ಅಲ್ಲಿ ಆತ್ಮ ಬೇರೆ. ಈ ನಿರ್ಣಯವು ಸಿದ್ಧಕಾವ್ಯಕ್ಕೆ ಸಲ್ಲತಕ್ಕದ್ದು. ಸಾಧಕನ ಅಭ್ಯಾಸಕ್ಕೆ ಸಲ್ಲದೆಂದು ನನ್ನ ಮತ.

ಇಟಲಿಯ ರಾಫೇಲನು 1514–15ರ ಸುಮಾರಿನಲ್ಲಿ ತನ್ನ ಗೆಳೆಯ ಬಾಲ್ದಸಾರೆ ಕಾಸ್ತಿಲ್ಯೋನೆಯ ಭಾವಚಿತ್ರವನ್ನು ಬರೆದನು. ಅದೀಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ನಾನು ಕಂಡಿರುವುದು ಅದರ ಮುದ್ರಿತ ಪ್ರತಿಯನ್ನು ಮಾತ್ರ. ಆದರೂ ಅದನ್ನು ಎಷ್ಟು ಸಲ ತೆರೆದು ನೋಡಿರುವೆನೋ ಲೆಕ್ಕವಿಲ್ಲ. ಕಪ್ಪು ಟೋಪಿ, ಬೂದುಬಣ್ಣದ ತುಪ್ಪುಳಿನ ಉಡುಪು, ಎದೆಯ ಮೇಲೆ ಒಂದಿಷ್ಟು ಬಿಳಿಯ ಅರಿವೆ. ವರ್ಣಗಳ ಈ ಮಿತವ್ಯಯದ ನಡುವೆ ಎರಡು ನೀಲಿ ಕಣ್ಣುಗಳು ನಮ್ಮನ್ನು ಶಾಂತವಾಗಿ ನೋಡುತ್ತಿರುವುವು. ಬರಿದೇ ನೋಡುವವನಿಗೆ ಅಲ್ಲಿರುವುದು ಒಂದೇ ಬೂದು. ನಕಲು ಮಾಡಹೊರಟವನು ಬಣ್ಣವನ್ನು ಕಲಸತೊಡಗಿದೊಡನೆ, ತಾನು ಕಲಸಿದ ಬೂದು ತೋಳಿಗೆ ಒಪ್ಪಿದರೆ ಭುಜಕ್ಕೆ ಒಪ್ಪದೆಂಬುದನ್ನು ಕಾಣುವನು. ಶ್ಲೋಕವನ್ನು ಕೇಳಿ ತಲೆದೂಗುವುದಕ್ಕೂ ಪದಚ್ಛೇದ ಮಾಡಿ ಅನ್ವಯ ಹೇಳುವುದಕ್ಕೂ ಇರುವ ಅಂತರವೇ ಇದು.

ರೂಬೆನ್ಸನಂಥವನು ಈ ಚಿತ್ರವನ್ನು ನಕಲು ಮಾಡಿರುವನು. ಆ ನಕಲು ಲಂಡನ್ನಿನಲ್ಲಿದೆ. ಅಷ್ಟೇ ಅಲ್ಲ, 1628ರಲ್ಲಿ ರಾಯಭಾರಕ್ಕೆಂದು ಮ್ಯಾಡ್ರಿಡ್ಡಿಗೆ ಹೋದಾಗ, ಐವತ್ತೊಂದು ವರ್ಷದ ಆ ಪ್ರಖ್ಯಾತನು ಅರಮನೆಯ ಸಂಗ್ರಹದಲ್ಲಿದ್ದ ಟಿಷಿಯನ್ನನ ಚಿತ್ರಗಳ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ನಿಂತು ನಕಲು ಮಾಡಿದನು.

ಇಲ್ಲಿ ಪ್ರತಿವಾದಿಗಳು ರೆಂಬ್ರಾಂಟನನ್ನು ಮುಂದೊಡ್ಡುವರು. 1639ರಲ್ಲಿ ಇದೇ ಕಾಸ್ತಿಲ್ಯೋನೆಯ ಚಿತ್ರ ಆಂಸ್ಟರ್‌ಡಾಮಿನಲ್ಲಿ ಹರಾಜಿಗೆ ಬಂದಿತು. ರೆಂಬ್ರಾಂಟನು ಅದನ್ನು ಅವಸರದ ಲೇಖನಿಯಿಂದ ಗೀಚಿಕೊಂಡು, ಮಾರಾಟದ ಬೆಲೆ 3,500 ಗಿಲ್ಡರೆಂದು ಪಕ್ಕದಲ್ಲಿಯೇ ಗುರುತುಹಾಕಿದನು. ರಾಫೇಲನ ಟೋಪಿ ಅಲ್ಲಿ ಆಗಲೇ ಓರೆಯಾಗಿರುವುದು! ಮರುವರ್ಷ ಬರೆದ ತನ್ನ ಸ್ವಂತ ಭಾವಚಿತ್ರದಲ್ಲಿ ಅವನು ಆ ನಿಲುವನ್ನೂ ಟಿಷಿಯನ್ನನ ಮತ್ತೊಂದು ಚಿತ್ರದ ತೋಳಿನ ಭಂಗಿಯನ್ನೂ ಬೆರೆಸಿ ತನ್ನದಾಗಿಸಿಕೊಂಡನು. ಆನಂದವರ್ಧನನ ಮೂರನೆಯ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಆದರೆ ಆಗ ಅವನು ಮೂವತ್ತು ದಾಟಿ ಹೆಸರು ಗಳಿಸಿದ್ದವನೆಂಬುದನ್ನು ಮರೆಯಲಾಗದು. ಅಕ್ಷರ ತಿದ್ದಿ ಮುಗಿಸಿದವನು ಮೇಲ್ಪಂಕ್ತಿಯನ್ನು ಬಿಟ್ಟು ಬರೆದರೆ ಅದು ಕೈಬರಹ. ತಿದ್ದದವನು ಬಿಟ್ಟರೆ ಅದು ಗೀಚು. ರೆಂಬ್ರಾಂಟನು ತನ್ನ ಶಿಷ್ಯರಿಂದ ಮಾಡಿಸಿದ್ದೂ ಗುರುವಿನ ಕೃತಿಗಳ ನಕಲನ್ನೇ.

ಆ ನಕಲುಗಳಲ್ಲೊಂದು ಪಂಡಿತರನ್ನೇ ಮೋಸಗೊಳಿಸಿತು. ಕೊರಳಿಗೆ ಲೋಹಕವಚ ತೊಟ್ಟ ಯುವಕ ರೆಂಬ್ರಾಂಟನ ಚಿತ್ರವೊಂದು ಹೇಗ್ ನಗರದಲ್ಲಿದೆ, ಇನ್ನೊಂದು ನ್ಯೂರೆಂಬರ್ಗಿನಲ್ಲಿದೆ. ಹೇಗಿನದು ನುಣುಪು, ನಯ. ಅದನ್ನೇ ಮೂಲವೆಂದು ಬಹುಕಾಲ ಎಣಿಸಿದ್ದರು. 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವಕೆಂಪು ಕಿರಣಗಳಿಂದ ಪರೀಕ್ಷಿಸಲು, ಬಣ್ಣದ ಕೆಳಗೆ ಎಚ್ಚರಿಕೆಯಿಂದ ಎಳೆದ ಹೊರಗೆರೆಗಳು ಕಾಣಿಸಿದುವು. ಕುಂಚ ಸಡಿಲವಾಗಿ ಓಡಿರುವ ನ್ಯೂರೆಂಬರ್ಗಿನದೇ ಮೂಲವೆಂದು ಈಗ ವಿದ್ವಾಂಸರ ಒಪ್ಪಿಗೆ. ಇಲ್ಲಿ ತಪ್ಪು ನಕಲು ಮಾಡಿದ ಶಿಷ್ಯನದಲ್ಲ, ನುಣುಪನ್ನೇ ಗುಣವೆಂದು ಬಗೆದ ಪರೀಕ್ಷಕರದು.

ಆ ಪರೀಕ್ಷಕರನ್ನು ಹಳಿಯಲು ನನಗೆ ಬಾಯಿಲ್ಲ. ಪಾಠಶಾಲೆಯಲ್ಲಿ ಹುಡುಗರು ಬರೆದು ತಂದ ನಕಲುಗಳಲ್ಲಿ ಗೆರೆ ತಪ್ಪದ, ಮಸಿ ಚೆಲ್ಲದವಕ್ಕೆ ನಾನು ಪೂರ್ಣಾಂಕಗಳನ್ನು ಕೊಡುತ್ತಿದ್ದೆನು. ಒಬ್ಬ ಹುಡುಗನ ಹಾಳೆ ಯಾವಾಗಲೂ ಒರಟಾಗಿರುತ್ತಿತ್ತು; ಮೇಲ್ಪಂಕ್ತಿಯನ್ನು ನನಗಿಂತ ಹೆಚ್ಚು ಹೊತ್ತು ನೋಡುತ್ತಿದ್ದವನು ಅವನೊಬ್ಬನೇ. ಅವನಿಗೆ ಹತ್ತಕ್ಕೆ ನಾಲ್ಕನ್ನು ಮೀರಿ ನಾನು ಎಂದೂ ಕೊಟ್ಟವನಲ್ಲ.