ಸಂತ ಫಿಲೋಮಿನಾ: ಆಕ್ಷೇಪವೂ ಉತ್ತರವೂ

“ನಿಮ್ಮ ಧರ್ಮಸಭೆಯೇ ಫಿಲೋಮಿನಾಳನ್ನು ಸಂತರ ಪಟ್ಟಿಯಿಂದ ತೆಗೆದುಹಾಕಿದೆಯಂತೆ! ಹಾಗಿದ್ದರೆ ಮೈಸೂರಿನ ಅಷ್ಟು ದೊಡ್ಡ ದೇವಾಲಯದಲ್ಲಿ ಯಾರ ಮೂಳೆಗೆ ಮೊಂಬತ್ತಿ ಹಚ್ಚುತ್ತೀರಿ?” ನಮ್ಮ ಮಕ್ಕಳು ಕಾಲೇಜಿನಲ್ಲಿ ಎದುರಿಸುವ ಈ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಸಿಟ್ಟಾಗುತ್ತೇವೆ, ಇಲ್ಲವೇ ಮೌನವಾಗುತ್ತೇವೆ. ಎರಡೂ ಉತ್ತರವಲ್ಲ.

ಮೊದಲು ಸಂಗತಿಗಳನ್ನು ಗಮನಿಸೋಣ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸ್ಕಿಲ್ಲಾ ಭೂಗತ ಸಮಾಧಿಗಳಲ್ಲಿ ಎಳೆಯ ಹುಡುಗಿಯೊಬ್ಬಳ ಅಸ್ಥಿಗಳು ದೊರೆತವು. ಸಮಾಧಿಯನ್ನು ಮುಚ್ಚಿದ್ದ ಮೂರು ಹೆಂಚುಗಳನ್ನು ಸರಿಯಾಗಿ ಜೋಡಿಸಿದಾಗ ‘ಫಿಲೋಮಿನಾ, ನಿನಗೆ ಶಾಂತಿ’ ಎಂಬ ಲತೀನ್ ಒಕ್ಕಣೆ ಕಂಡಿತು. ರಾಜಕುಮಾರಿ, ಚಕ್ರವರ್ತಿ, ಬಾಣಗಳ ಕಥೆ ಬಂದದ್ದು ಅನಂತರ, ನೇಪಲ್ಸಿನ ಸನ್ಯಾಸಿನಿಯೊಬ್ಬರ ಖಾಸಗಿ ದರ್ಶನದಿಂದ. ಅದನ್ನು ನಂಬಲೇಬೇಕೆಂದು ಧರ್ಮಸಭೆ ಯಾರನ್ನೂ ಕಟ್ಟುಪಡಿಸಿಲ್ಲ. ಆ ಹೆಂಚುಗಳು ಬೇರೊಂದು ಸಮಾಧಿಯಿಂದ ತಂದು ಮರುಬಳಸಿದವು ಎಂದು ವಾದಿಸಿದ ಪುರಾತತ್ವಜ್ಞ ಒರಾಜಿಯೊ ಮರುಕ್ಕಿ ಧರ್ಮಸಭೆಯ ವಿರೋಧಿಯಲ್ಲ, ಸ್ವತಃ ಕಥೋಲಿಕರು.

1837ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಆಕೆಯ ಬಹಿರಂಗ ಭಕ್ತಿಗೆ ಅನುಮತಿಯಿತ್ತರು. 1961ರಲ್ಲಿ ರೋಮಿನ ಆರಾಧನಾ ವಿಧಿಗಳ ಪೀಠವು ಆಕೆಯ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ಕೈಬಿಡಲು ಆದೇಶಿಸಿತು. ಪಂಚಾಂಗದಿಂದ ಕೈಬಿಡುವುದು ಬೇರೆ. ‘ಈಕೆ ಸಂತಳಲ್ಲ’ ಎಂದು ತೀರ್ಪು ನೀಡುವುದು ಬೇರೆ. ಅಂತಹ ತೀರ್ಪು ಬರಲಿಲ್ಲ. ಭಕ್ತರ ಖಾಸಗಿ ಪ್ರಾರ್ಥನೆಗೂ ನಿಷೇಧ ಬರಲಿಲ್ಲ. ಆದರೆ ಇದನ್ನು ಗೆಲುವೆಂದು ಬೀಗುವುದೂ ಸಲ್ಲದು. ಆಕೆಯ ಬದುಕಿನ ಬಗ್ಗೆ ಇತಿಹಾಸ ಖಚಿತವಾಗಿ ಹೇಳಬಲ್ಲದ್ದು ಅತ್ಯಲ್ಪವೆಂದು ನಾವು ಒಪ್ಪಬೇಕು. ದಂತಕಥೆಯನ್ನು ಇತಿಹಾಸವೆಂದು ಸಾಧಿಸಹೊರಟರೆ ಸೋಲುವುದು ನಮ್ಮ ಸಾಕ್ಷ್ಯವೇ.

ಇನ್ನು ಮೂಳೆಯ ಮಾತು. ಎಲೀಷ ಪ್ರವಾದಿಯ ಎಲುಬುಗಳನ್ನು ಸೋಕಿದ ಶವವು ಜೀವತಳೆದದ್ದನ್ನು ಪವಿತ್ರ ಗ್ರಂಥವೇ ದಾಖಲಿಸಿದೆ. ಆರಾಧನೆ ದೇವರೊಬ್ಬರಿಗೇ, ಸಂತರಿಗೆ ಸಲ್ಲುವುದು ಗೌರವ ಮಾತ್ರ ಎಂಬುದು 787ರ ನೈಸಿಯಾ ಮಹಾಸಭೆಯಿಂದಲೂ ಸ್ಪಷ್ಟ. ಕ್ರಿಸ್ತರೊಬ್ಬರೇ ಮಧ್ಯಸ್ಥರಾದರೆ ಸಂತರೇಕೆ ಎನ್ನುವವರೂ ಕಷ್ಟ ಬಂದಾಗ “ನನಗಾಗಿ ಪ್ರಾರ್ಥಿಸಿ” ಎಂದು ನೆರೆಯವರನ್ನು ಕೇಳುತ್ತಾರಲ್ಲವೇ? ಸಂತರಲ್ಲಿ ನಾವು ಬೇಡುವುದೂ ಅದನ್ನೇ. ಕನ್ನಡದಲ್ಲಿ ‘ಪೂಜೆ’ ಎಂಬ ಒಂದೇ ಪದ ಹಲವು ಅರ್ಥಗಳಲ್ಲಿ ಬಳಕೆಯಾಗುವುದರಿಂದ ಕೇಳುವವರಿಗೆ ಗೊಂದಲ ಸಹಜ. ಬಿಡಿಸಿ ಹೇಳುವ ಹೊಣೆ ನಮ್ಮದು.

ಆದರೂ ಆಕ್ಷೇಪಕ್ಕೆ ಎಡೆಮಾಡಿಕೊಡುವವರು ಹಲವು ವೇಳೆ ನಾವೇ. ನೆಲಮಾಳಿಗೆಯಲ್ಲಿ ಹರಕೆಯ ಮೊಂಬತ್ತಿ ಹಚ್ಚಿ, ಮೇಲೆ ಪರಮಪ್ರಸಾದದ ಸನ್ನಿಧಿಯಲ್ಲಿ ಕ್ಷಣವೂ ಮೊಣಕಾಲೂರದೆ ಹೊರನಡೆಯುವವರನ್ನು ಕಂಡವರು ನಮ್ಮ ನಂಬಿಕೆಯ ಬಗ್ಗೆ ಏನೆಂದುಕೊಂಡಾರು? ಸಂತರು ನಮ್ಮನ್ನು ಪ್ರಭುವಿನೆಡೆಗೆ ಕರೆದೊಯ್ಯದಿದ್ದರೆ ತಪ್ಪು ಸಂತರದ್ದಲ್ಲ.

1933ರಲ್ಲಿ ಈ ದೇವಾಲಯಕ್ಕೆ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅನ್ಯಧರ್ಮೀಯರಾದ ಅರಸರು ನಮ್ಮ ನಂಬಿಕೆಗೆ ತೋರಿದ ಆ ಆದರವನ್ನು ನಾವೂ ಪ್ರಶ್ನೆ ಕೇಳುವವರಿಗೆ ತೋರಬೇಕು. ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ವಿನಯದಿಂದ ಉತ್ತರಿಸಿರೆಂದು ಸಂತ ಪೇತ್ರರೂ ಬೋಧಿಸಿದ್ದಾರೆ. ಆ ಹೆಂಚುಗಳಲ್ಲಿ ಹೆಸರಿನ ಬಗ್ಗೆ ವಿವಾದವಿದೆ. ‘ನಿನಗೆ ಶಾಂತಿ’ ಎಂಬ ಮಾತಿನ ಬಗ್ಗೆ ಇಲ್ಲ. ನಮ್ಮ ಉತ್ತರ ಅಲ್ಲಿಂದಲೇ ಆರಂಭವಾಗಲಿ.